ಎದುರು ಮನೆಗೆ ಗಿರಾಕಿ

ಬ್ರೋಕರ್ ಮೆಟ್ಟಿಲು ಹತ್ತುತ್ತಿದ್ದಾನೆಂದು ಅವನ ಏದುಸಿರೇ ಹೇಳಿತು. ಆಪರೇಟರಮ್ಮ ಒಲೆ ಆರಿಸಿ ಬಾಗಿಲು ತೆರೆದಳು. ಎದುರು ಮನೆ ನೋಡಲು ಬಂದ ಗಂಡ ಹೆಂಡತಿ ಆಗಲೇ ಹೊಸಿಲ ಮೇಲಿದ್ದರು.

“ನೀರಿನ ವಿಷಯ ಕೇಳಿದ್ರಾ?” ಎಂದಳು, ತಣ್ಣಗೆ.

ಅವರು ಕೇಳಿರಲಿಲ್ಲ. ಬೇಸಿಗೆಯಲ್ಲಿ ನಲ್ಲಿ ಬರೀ ಕೆಮ್ಮುವುದು, ಕೆಳಗಿನ ಬಾರಿನ ಗಲಾಟೆ, ಉಪ್ಪುಗಾಳಿಗೆ ಫ್ರಿಜ್ಜಿನ ಕಾಲು ತುಕ್ಕು ಹಿಡಿದು ಉದುರುವುದು, ಸೀಸನ್ ಮುಗಿದರೆ ಬಾಡಿಗೆಗೆ ಒಂದು ನರಪಿಳ್ಳೆಯೂ ಬಾರದಿರುವುದು, ಎಲ್ಲವನ್ನೂ ಅವಳು ಬಿಡಿಸಿ ಹೇಳಿದಳು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಇಳಿದು ಹೋದರು.

ಬ್ರೋಕರ್ ಅಲ್ಲೇ ಉಳಿದ. “ಬಂದೋರನ್ನೆಲ್ಲ ಓಡಿಸ್ತೀರಲ್ಲಮ್ಮ. ಎದುರಿಂದು ಮಾರಿ ಹೋಗ್ಲಿ ಬಿಡಿ. ಅದು ಹೋದ್ರೆ ನಿಮಗೇ ಒಳ್ಳೇದು.”

“ನನಗೇನು ಒಳ್ಳೇದು ಅದರಲ್ಲಿ?”

ಅವನು ಕೈಯಲ್ಲಿದ್ದ ಕೀಲಿ ಗೊಂಚಲನ್ನು ಜೇಬಿಗಿಳಿಸಿ ಹೊರಟುಹೋದ.

ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಯಾರದೋ ಮಾತನ್ನು ಇನ್ನಾರಿಗೋ ಜೋಡಿಸುತ್ತಲೇ ತಲೆ ನರೆತವಳು ಅವಳು. ಗಂಡನೊಡನೆ ಇಲ್ಲಿಗೆ ಬಂದಾಗ ಕಟ್ಟಡದ ತುಂಬ ಬಾಡಿಗೆಯ ಸಂಸಾರಗಳಿದ್ದವು. ಸಕ್ಕರೆ ಮುಗಿದರೆ ಲೋಟ ಹಿಡಿದು ಎದುರು ಬಾಗಿಲು ತಟ್ಟಿದರೆ ಸಾಕಿತ್ತು. ಆಮೇಲೆ ಊರಿಗೆ ಪ್ರವಾಸಿಗರು ಬಂದರು. ಅವರ ಹಿಂದೆ ಮನೆ ಕೊಂಡು ದಿನದ ಬಾಡಿಗೆಗೆ ಬಿಡುವವರು ಬಂದರು. ಕೆಳಗಿನ ನರ್ಸಮ್ಮ ಹೋದಳು. ಮೇಲಿನ ಬಸ್ ಕಂಡಕ್ಟರನ ಮನೆಯವರು ಹೋದರು. ಕಡೆಗೆ ಎದುರು ಮನೆಯ ದರ್ಜಿಯೂ ಹೊಲಿಗೆ ಯಂತ್ರ ಹೊತ್ತುಕೊಂಡು ಇಳಿದ. ಈಗ ಬಾಗಿಲಿಗೆಲ್ಲ ನಂಬರ್ ಒತ್ತುವ ಬೀಗ. ವಾರಕ್ಕೊಮ್ಮೆ ಹೊಸ ಮುಖ, ಮೆಟ್ಟಿಲ ಮೇಲೆ ಮರಳು, ಸೂಟ್‌ಕೇಸಿನ ಗಡಗಡ. ವೈಫೈ ಪಾಸ್‌ವರ್ಡ್ ಕೇಳಲು ಅವಳ ಬಾಗಿಲು ತಟ್ಟಿದವರುಂಟು. ಊಟ ಆಯ್ತಾ ಎಂದವರಿಲ್ಲ. ಅಂಥವರು ಎದುರಿಗೂ ಬರುವುದಕ್ಕಿಂತ ಬೀಗವೇ ವಾಸಿ ಎಂದು ಅವಳು ನಿಶ್ಚಯಿಸಿಬಿಟ್ಟಿದ್ದಳು.

ಆ ನಿಶ್ಚಯ ಸಡಿಲಿಸಿದವನು ಒಬ್ಬ ಕನ್ನಡಕದಂಗಡಿಯವನು.

ಅವನು ಒಬ್ಬನೇ ಬಂದಿದ್ದ. ಬ್ರೋಕರ್ ಬರುವುದು ತಡವೆಂದು ಮೆಟ್ಟಿಲ ಮೇಲೆ ಕುಳಿತಿದ್ದ. ನೀರು, ಬಾರು, ತುಕ್ಕು ಎಲ್ಲ ಕೇಳಿಸಿಕೊಂಡ ಮೇಲೂ ಅವನು ಓಡಲಿಲ್ಲ.

“ಮನೆ ಕೊಂಡು ಬಾಡಿಗೆಗೆ ಬಿಡೋದಕ್ಕೆ ಮೊದಲ್ನೇ ಸಲ ಕೈ ಹಾಕ್ತಿದ್ದೀನಮ್ಮ. ಏನೇನು ನೋಡ್ಬೇಕು ಅಂತಲೂ ಗೊತ್ತಿಲ್ಲ. ಸ್ವಲ್ಪ ಹೇಳ್ಕೊಡಿ.”

ಹೇಳಿಕೊಡಿ ಎಂದು ಅವಳನ್ನು ಯಾರೂ ಕೇಳಿ ಯಾವ ಕಾಲವಾಗಿತ್ತೋ.

“ಒಳಗೆ ಬನ್ನಿ. ಎರಡೂ ಮನೆ ಒಂದೇ ಅಚ್ಚು. ಇಲ್ಲೇ ನೋಡ್ಕೊಳ್ಳಿ,” ಎಂದಳು.

ಅವನು ಕೋಣೆ ಕೋಣೆ ನೋಡಿದ. ಗೋಡೆ ಸವರಿದ. “ಒಂದು ಮೊಳೆ ಕೂಡ ಹೊಡೆದಿಲ್ವಲ್ಲ. ಎಷ್ಟು ಜೋಪಾನವಾಗಿ ಇಟ್ಕೊಂಡಿದ್ದೀರಿ.” ಗಂಡನ ಫೋಟೋವನ್ನು ಅವಳು ಕಪಾಟಿನ ಮೇಲೆ ಒರಗಿಸಿಟ್ಟಿದ್ದಳು. ಚಹಾ ಕುಡಿಯುತ್ತ ಅವನು, ಅವಳ ಕನ್ನಡಕದ ಕಾಲು ಅಲ್ಲಾಡುವುದನ್ನು ಕಂಡು, ಕೇಳದೆಯೇ ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಬಿಗಿಮಾಡಿ ಕೊಟ್ಟ.

ಅವನು ಮತ್ತೆ ಬಂದ. ಮತ್ತೆ ಮತ್ತೆ ಬಂದ. ಅವಳು ಪಾಠ ಹೇಳಿದಳು. ಸೀಸನ್ನಿನ ಗಳಿಕೆ ನೋಡಿ ಮರುಳಾಗಬೇಡಿ, ಖಾಲಿ ತಿಂಗಳುಗಳನ್ನೂ ಎಣಿಸಿ. ಬಿಳಿ ಹಾಸಿಗೆ ಬಟ್ಟೆ ಬೇಡ. ಸ್ವಚ್ಛ ಮಾಡುವವಳನ್ನು ಮೊದಲು ಹುಡುಕಿ, ಸೋಫಾ ಆಮೇಲೆ.

“ಒಳಗೆ ಮೊದಲಿಂದ ಯಾರಾದ್ರೂ ಇದ್ರೆ?” ಎಂದು ಅವನು ಒಮ್ಮೆ ಕೇಳಿದ, ಚಹಾದ ಲೋಟ ನೋಡುತ್ತ.

ಅವಳಿಗೆ ದರ್ಜಿ ನೆನಪಾದ. “ಎಬ್ಬಿಸೋದು ಕಷ್ಟ. ಕಾನೂನಿಗಲ್ಲ, ಮನಸ್ಸಿಗೆ. ಒಳ್ಳೆ ಮಾತಲ್ಲಿ ಹೇಳ್ಬೇಕು, ಟೈಮ್ ಕೊಡ್ಬೇಕು.”

ಅವನು ತಲೆಯಾಡಿಸಿದ. “ಇಷ್ಟೆಲ್ಲ ಹೇಳ್ಕೊಡ್ತಿದ್ದೀರಲ್ಲ, ನಿಮಗೆ ಬೇಜಾರಿಲ್ವಾ?”

“ಬೇಜಾರು ಯಾಕೆ? ಯಾರೋ ಬರೋದಕ್ಕಿಂತ ನೀವು ಬರೋದು ಎಷ್ಟೋ ವಾಸಿ. ಕೊಂಡ್ಮೇಲೆ ಈ ಕಡೆ ಬರ್ತಾ ಇರ್ತೀರಾ, ಇಲ್ಲ ಬೀಗ ಹಾಕಿ ಹೋಗ್ಬಿಡ್ತೀರಾ?”

“ವಾರ ವಾರ ನಾನೇ ಬಂದು ನೋಡ್ಕೋತೀನಿ.”

ವಾರ ವಾರ. ಆ ಎರಡು ಮಾತನ್ನು ಅವಳು ಅವನು ಹೋದ ಮೇಲೂ ಬಾಯೊಳಗಿಟ್ಟುಕೊಂಡಿದ್ದಳು. ಅಂಗಡಿಗೆ ಹೋದಾಗ ಬಿಸ್ಕತ್ತಿನ ದೊಡ್ಡ ಪೊಟ್ಟಣ ತಂದಳು. ಮುಂದಿನ ಸಲ ಅವನು ಬಂದಾಗ ಸುಳ್ಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಳು. ನೀರಿಗೆ ತೊಂದರೆಯಿಲ್ಲ. ಬಾರಿನ ಸದ್ದು ಇಲ್ಲಿಯವರೆಗೆ ಬರುವುದಿಲ್ಲ.

“ಮನೆ ಒಳ್ಳೇದು. ಕಣ್ಣು ಮುಚ್ಚಿ ತಗೊಳ್ಳಿ.”

“ಬೀದಿ ಕಡೆಯದು ವಾಸಿನಾ, ಸಮುದ್ರದ ಕಡೆಯದಾ?”

ಅವಳು ತನ್ನ ಕಿಟಕಿ ತೆರೆದು ತೋರಿಸಿದಳು. ನೀರು ಮಿನುಗುತ್ತಿತ್ತು. “ಇದನ್ನು ನೋಡೋಕೇ ಅಲ್ವಾ ಜನ ಅಷ್ಟು ದೂರದಿಂದ ಬರೋದು? ಸಮುದ್ರದ ಕಡೆಗೆ ಸಮಾನ ಯಾವುದು? ಆದ್ರೆ ಎದುರಿಂದು ಬೀದಿ ಕಡೆಗಿದ್ರೂ ಕಡಿಮೆಯೇನಲ್ಲ.”

ಆಮೇಲೆ ಬಹಳ ದಿನ ಅವನ ಸುಳಿವಿಲ್ಲ. ಅವಳು ಮೆಟ್ಟಿಲ ಸದ್ದಿಗೆ ಕಿವಿಗೊಟ್ಟಳು, ಬಂದದ್ದೆಲ್ಲ ಸೂಟ್‌ಕೇಸು. ಬಿಸ್ಕತ್ತು ಮೆತ್ತಗಾಯಿತು.

ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ಅವನೇ. ಕೈಯಲ್ಲಿ ಕಿತ್ತಳೆಯ ಚೀಲ, ಮುಖದಲ್ಲಿ ನಗು.

“ರಿಜಿಸ್ಟ್ರೇಷನ್ ಆಯ್ತಮ್ಮ.”

ಈ ಮಹಡಿಯಲ್ಲಿ ಮತ್ತೆ ಗುರುತಿನ ಮುಖ. “ಹೋಗಿ, ಮೊದಲು ಬೀಗ ತೆಗೀರಿ. ನಾನು ಹಾಲು ಕಾಯಿಸ್ತೀನಿ,” ಎಂದು ಎದುರು ಬಾಗಿಲ ಕಡೆ ಕೈ ತೋರಿಸಿದಳು.

ಅವನು ಆ ಕಡೆ ತಿರುಗಲಿಲ್ಲ. ಅವಳ ಹೊಸಿಲಲ್ಲೇ ಚಪ್ಪಲಿ ಬಿಟ್ಟ.

“ಎರಡರಲ್ಲಿ ಯಾವುದು ಬೇಕಾದ್ರೂ ತಗೊಳ್ಳಿ ಅಂದಿದ್ರು ನಿಮ್ಮ ಓನರ್, ನೀವು ಹೇಳಿದ ಹಾಗೇ ಸಮುದ್ರದ ಕಡೆಯದನ್ನೇ ತಗೊಂಡೆ,” ಎಂದ ಮೃದುವಾಗಿ. “ಅವಸರ ಏನಿಲ್ಲಮ್ಮ, ಸೀಸನ್ ಶುರುವಾಗೋ ಮುಂಚೆ ನೀವು ಖಾಲಿ ಮಾಡಿದ್ರೆ ಸಾಕು.”