ಆರು ಸ್ಪೀಕರುಗಳ ಮದುವೆ

ಅಂಬಣ್ಣ ಆ ಮಾತನ್ನು ಏಳನೆಯ ಸಲ ಕೇಳಿದ. ಹೆಡ್‌ಫೋನಿನಲ್ಲಿ ರೋಹಿತನ ದನಿ ನಗುತ್ತಿತ್ತು.

"ಅಂಬಣ್ಣನ ಕಿವಿಗೆ ಏನೂ ಆಗಿಲ್ಲ ಮಾರಾಯ. ಅವರ ಕುರ್ಚಿ ನನಗೆ ಬೇಕಿತ್ತು. ಒಂದು ಕಿವಿ ಹೋಗಿದೆ ಅಂತ ಸಾಹೇಬರ ಹತ್ತಿರ ಹೇಳಿಬಿಟ್ಟೆ. ನಂಬಿದರು!"

ಎರಡು ವರ್ಷದ ಹಿಂದೆ ಮಾದಾಪುರದ ಒಂದು ಸ್ಟುಡಿಯೊದಲ್ಲಿ ಸೌಂಡ್ ಮಿಕ್ಸಿಂಗ್ ಎಂದರೆ ಅಂಬಣ್ಣ. ರಾಯಚೂರಿನಿಂದ ಬಂದು, ಟೇಪಿನ ಕಾಲದಿಂದ ಅಲ್ಲೇ ಸವೆದವನು. ಮೈಸೂರಿನ ರೋಹಿತ ಅವನ ಕೈಕೆಳಗೆ ಕಲಿತ. ಕಲಿತಾದ ಮೇಲೆ ಮಾಲೀಕ ಹನುಮಂತರಾಯರ ಹತ್ತಿರ ಹೋಗಿ ಗುರುವಿನ ಕಿವಿಯ ಬಗ್ಗೆ ಪಿಸುಗುಟ್ಟಿದ. ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡು ಬಾ ಎಂದರು ಹನುಮಂತರಾಯರು.

"ನನ್ನ ಕಿವಿ ಪರೀಕ್ಷೆ ಮಾಡೋ ಡಾಕ್ಟರ್ ಇನ್ನೂ ಹುಟ್ಟಿಲ್ರಿ," ಎಂದು ಅಂಬಣ್ಣ ಎದ್ದು ಬಂದ. ಮಾತು ಊರೆಲ್ಲ ಹಬ್ಬಿತು. ಮತ್ತೆ ಯಾವ ಸ್ಟುಡಿಯೊವೂ ಅವನನ್ನು ಕರೆಯಲಿಲ್ಲ.

ಈಗ ಸುಲ್ತಾನ್ ಬಜಾರಿನ ಇಕ್ಕಟ್ಟಿನ ಕೋಣೆಯಲ್ಲಿ ಮದುವೆ ಕ್ಯಾಸೆಟ್ಟುಗಳನ್ನು ಡಿಸ್ಕ್ ಮಾಡಿ ಕೊಡುತ್ತಿದ್ದ. ವಿಡಿಯೊ ತೆಗೆಯುವ ತಾಯಪ್ಪ ಕೆಲಸ ತರುತ್ತಿದ್ದ. ಸಾಫ್ಟ್‌ವೇರ್ ಮಂದಿ ಮಂಚಕ್ಕಿಂತ ಮೊದಲು ಹೋಮ್ ಥಿಯೇಟರ್ ಕೊಳ್ಳುತ್ತಿದ್ದ ಕಾಲ. ಎಲ್ಲರಿಗೂ ತಮ್ಮ ಮದುವೆ ಆರು ಸ್ಪೀಕರಿನಲ್ಲಿ ಮೊಳಗಬೇಕು. ರೋಹಿತನಿಗೂ. ಮಂತ್ರ ಸ್ಪಷ್ಟವಾಗಿ ಬರಲೆಂದು ತಾನೇ ಹೇಳಿ ಅಂಗಿಗೆ ಮೈಕ್ ಸಿಕ್ಕಿಸಿಕೊಂಡಿದ್ದ. ಗೆಳೆಯ ಋಷಭನ ಜೊತೆ ಹರಟುವಾಗ ಅದನ್ನು ಆರಿಸಲು ಮರೆತಿದ್ದ. ತಾಯಪ್ಪ ಆ ಕ್ಯಾಸೆಟ್ಟನ್ನು ಯಾರ ಕೈಗೆ ಕೊಟ್ಟಿದ್ದಾನೆ ಎಂಬುದು ರೋಹಿತನಿಗೆ ಗೊತ್ತಿರಲಿಲ್ಲ.

ಅಂಬಣ್ಣ ಅವಸರ ಮಾಡಲಿಲ್ಲ. ಡಿಸ್ಕಿನಲ್ಲಿ ಎರಡು ಬಗೆಯ ಧ್ವನಿ ಇಟ್ಟ. ಸಾದಾ ಟಿವಿಗೆ ಒಂದು. ಅದರಲ್ಲಿ ಮಂತ್ರ, ವಾಲಗ, ನೆಂಟರ ಗದ್ದಲ, ಅಷ್ಟೆ. ಆರು ಸ್ಪೀಕರಿನದು ಬೇರೆ. ಮಾಂಗಲ್ಯ ಕಟ್ಟುವ ಹೊತ್ತಿಗೆ ವಾಲಗವನ್ನೆಲ್ಲ ಬಲಕ್ಕೆ ತಳ್ಳಿ, ಹಿಂದಿನ ಎಡ ಸ್ಪೀಕರನ್ನು ಖಾಲಿ ಮಾಡಿ, ಅಲ್ಲಿ ಆ ಮಾತನ್ನು ಕೂರಿಸಿದ. ಆರು ಸ್ಪೀಕರ್ ಇಟ್ಟು ಕೇಳಿ ನೋಡಲು ಕೋಣೆಯಲ್ಲಿ ಜಾಗವಿರಲಿಲ್ಲ. ಮೀಟರ್ ನೋಡಿಯೇ ದನಿಯ ಮಟ್ಟ ಹೊಂದಿಸಿದ. ಇಪ್ಪತ್ತು ವರ್ಷ ಪಳಗಿದ ಕೈಗೆ ಅಷ್ಟು ಸಾಕು.

ಹೆಂಡತಿ ದಾನೇಶ್ವರಿ ಚಹಾ ತಂದು ಕುಕ್ಕಿದಳು. "ಮೂರು ಸಲ ಕೂಗಿದೆ. ಅಷ್ಟು ಮುಳುಗಿ ಏನ್ ಮಾಡಾಕತ್ತೀರಿ?"

"ಒಬ್ಬನ ಮರ್ಯಾದಿ ತೆಗ್ಯಾಕತ್ತೀನಿ."

ರೋಹಿತ ತಾಯಪ್ಪನ ಅಂಗಡಿಯ ಟಿವಿಯಲ್ಲಿ ಡಿಸ್ಕ್ ನೋಡಿ ಒಪ್ಪಿದ. ಆರು ಸ್ಪೀಕರಿನ ಮಜಾ ಭಾನುವಾರ ಮನೆಯಲ್ಲಿ ಎಲ್ಲರ ಜೊತೆಗೇ ಆಗಲಿ ಎಂದ.

"ಸ್ಪೀಕರ್ ಜೋಡಸಾಕ ನಾನೂ ಬರ್ತೀನಿ," ಎಂದು ಭಾನುವಾರ ಅಂಬಣ್ಣ ತಾಯಪ್ಪನ ಜೊತೆ ಹೊರಟ. ಬಜಾರು ದಾಟುವಾಗ ಎಡದಿಂದ ಬಂದ ಆಟೊ ಮೈ ಸವರಿಕೊಂಡೇ ಹೋಯಿತು.

"ಹಾರ್ನ್ ಹೊಡಿಯಾಕ ಏನ್ ಧಾಡಿ ಈ ಮಂದಿಗೆ!"

ತಾಯಪ್ಪ ಅವನ ಮುಖವನ್ನೊಮ್ಮೆ ನೋಡಿ, ತಾನು ಅವನ ಎಡಕ್ಕೆ ಬಂದು ನಡೆದ.

ಗಚ್ಚಿಬೌಲಿಯ ಹೊಸ ಫ್ಲಾಟಿನಲ್ಲಿ ಇಪ್ಪತ್ತು ಜನ ಸೇರಿದ್ದರು. ಸೋಫಾದ ನಡುವೆ ಹನುಮಂತರಾಯರು. ಅಂಬಣ್ಣನನ್ನು ಕಂಡು ರೋಹಿತ ಒಂದು ಗಳಿಗೆ ತಡವರಿಸಿದ. ಆಮೇಲೆ ಹಲ್ಲು ಬಿಟ್ಟ.

"ಬನ್ನಿ, ನೀವೂ ನೋಡಿಕೊಂಡು ಹೋಗಿ. ಸ್ವಲ್ಪ ಗಟ್ಟಿಯಾಗಿ ಇಡಲಾ? ನಿಮಗೆ ಕೇಳಿಸಬೇಕಲ್ಲ!"

ಯಾರೋ ಕಿಸಕ್ಕೆಂದರು.

"ಬ್ಯಾಡ್ರಿ," ಎಂದ ಅಂಬಣ್ಣ. "ನೀವು ಮೆಲ್ಲಕ ಅಂದಿದ್ದೂ ನನಗ ಕೇಳಸ್ತೈತಿ."

ಸ್ಪೀಕರುಗಳನ್ನು ಜೋಡಿಸಿ, ಹಿಂದಿನ ಎಡ ಸ್ಪೀಕರು ತನ್ನ ಎಡಗಿವಿಯ ಪಕ್ಕಕ್ಕೇ ಬರುವಂತೆ ಕುರ್ಚಿ ಹಾಕಿಕೊಂಡು ಕೂತ. ಹನುಮಂತರಾಯರು ಅವನ ಬಲಕ್ಕಿದ್ದರು. ಪರದೆಯ ಮೇಲೆ ಮದುಮಗಳು ಪೂರ್ವಿ ತಲೆ ತಗ್ಗಿಸಿದಳು. ಪುರೋಹಿತರು ಕೈ ಎತ್ತಿದರು. ವಾಲಗ ಭೋರ್ಗರೆಯಿತು. ಅಂಬಣ್ಣ ಪರದೆ ನೋಡುತ್ತಿರಲಿಲ್ಲ. ರೋಹಿತನ ಮುಖ ನೋಡುತ್ತಿದ್ದ. ಆ ಮುಖದ ಬಣ್ಣ ಇಳಿಯುವುದನ್ನು ಕಾಣಲೆಂದೇ ಎರಡು ವರ್ಷ ಹಲ್ಲು ಕಚ್ಚಿ ಬದುಕಿದ್ದ.

ರೋಹಿತ ತಟ್ಟನೆ ಎದ್ದ. ತಿಂಡಿಯ ತಟ್ಟೆ ಉರುಳಿಸಿಕೊಂಡು ರಿಮೋಟಿಗೆ ತಡಕಾಡಿದ. ಪಕ್ಕದಲ್ಲಿ ಕೂತಿದ್ದ ಪೂರ್ವಿ ಗಂಡನನ್ನು ಗುರುತಿಲ್ಲದವನನ್ನು ನೋಡುವಂತೆ ದಿಟ್ಟಿಸಿದಳು. ಪರದೆ ಕಪ್ಪಾಯಿತು, ವಾಲಗ ನಿಂತಿತು.

ಅಂಬಣ್ಣ ಕುರ್ಚಿಯಿಂದ ಅರ್ಧ ಎದ್ದ. ಹಾಳಾದವನು, ಹೇಗೋ ಸುಳಿವು ಹಿಡಿದು ಮೊದಲೇ ಆರಿಸಿಬಿಟ್ಟನಲ್ಲ!

ಹನುಮಂತರಾಯರು ಅವನ ಬಲಗೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

"ತಪ್ಪಾತು ಅಂಬಣ್ಣ. ಅವನ ಬಾಯಿಂದನ ಎಲ್ಲಾರೂ ಕೇಳಿದ್ವಿ. ನಿನ್ನ ಕಿವಿ ಚಲೋ ಐತಿ. ನಾಳೆನ ಬಂದು ನಿನ್ನ ಕುರ್ಚಿ ಮ್ಯಾಲೆ ಕೂಡು."

"ತಡೀರಿ ಸಾಹೇಬ್ರ," ಎಂದ ಅಂಬಣ್ಣ. "ಡಿಸ್ಕ್ ಮತ್ತ ಹಚ್ಚಸ್ರಿ. ಆ ಮಾತು ಇನ್ನೂ ಬಂದಿಲ್ಲ."