ಅಜ್ಜಿ ಹುಡುಕಿದ ಸೊಟ್ಟ

ನೆನೆದ ಇಟ್ಟಿಗೆಯ ವಾಸನೆ ಬಂದರೆ ನನ್ನ ಎದೆ ಈಗಲೂ ಹೊಡೆದುಕೊಳ್ಳುತ್ತದೆ, ಜೊತೆಗೆ ನಗುವೂ ಬರುತ್ತದೆ.

ಹನೂರಿನಾಚೆ, ಕಾಡಿನಂಚಿನ ನಮ್ಮ ಮನೆಯಲ್ಲಿ ಆ ಮಧ್ಯಾಹ್ನ ಚಿಕ್ಕಪ್ಪ ತನ್ನ ಮೊದಲ ಗೋಡೆ ಕಟ್ಟಲು ಹೊರಟಿದ್ದ. ಇಟ್ಟಿಗೆಗಳನ್ನು ತೊಟ್ಟಿಯಲ್ಲಿ ನೆನೆಹಾಕಿ, ಎರಡು ಗೂಟಗಳ ನಡುವೆ ದಾರ ಎಳೆದು, ಬಗ್ಗಿ ಅದು ನೆಟ್ಟಗಿದೆಯೇ ಎಂದು ನೋಡುತ್ತಿದ್ದ. ಅವನ ಬೆನ್ನ ಹಿಂದೆ ಜೋಳದ ಹೊಲದಿಂದ ಆನೆಯೊಂದು ಬಂದು ತೊಟ್ಟಿಗೆ ಸೊಂಡಿಲಿಟ್ಟಿತು. ಪಕ್ಕದ ಹೊಲದ ಮೋಟಾರಿನ ಸದ್ದಿನಲ್ಲಿ ಅವನಿಗೆ ಅದರ ಹೆಜ್ಜೆಯ ಸುಳಿವೇ ಸಿಗಲಿಲ್ಲ.

ಎದುರಿನ ಜಗಲಿಯಲ್ಲಿದ್ದ ನಾನು ಕಿರುಚುವ ಮೊದಲೇ ಪಕ್ಕದಲ್ಲಿದ್ದ ಅಜ್ಜಿ ನನ್ನ ಬಾಯಿ ಮುಚ್ಚಿದಳು. ಮಗ ತಿರುಗಿ ನೋಡಿದರೆ ಓಡುತ್ತಾನೆ, ಓಡಿದರೆ ಆನೆ ಅಟ್ಟಿಸಿಕೊಂಡು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ದಾರ ಸೊಟ್ಟ ಐತೆ ಕಣ್ಲಾ, ತಲೆ ಎತ್ಬೇಡ," ಎಂದಳು.

"ನೆಟ್ಟಗೇ ಐತಲ್ಲವ್ವ."

"ಇನ್ನೂ ಬಗ್ಗಿ ನೋಡ್ಲಾ."

"ಓಗವ್ವ, ನೀನೇ ಕಟ್ಕೊ," ಎಂದು ಗೊಣಗುತ್ತ ಅವನು ಇನ್ನಷ್ಟು ಬಗ್ಗಿದ.

ಆನೆ ಹೊಟ್ಟೆ ತುಂಬ ಕುಡಿದು ಕಾಡಿನತ್ತ ಮರೆಯಾಯಿತು. ಆಮೇಲೆ ಚಿಕ್ಕಪ್ಪ ಎದ್ದು, "ನೀರೆಲ್ಲ ಯಾರವ್ವ ಖಾಲಿ ಮಾಡ್ದೋರು?" ಎಂದು ಬಯ್ಯಲು ಹೋಗಿ, ಮಣ್ಣಿನಲ್ಲಿದ್ದ ದೊಡ್ಡ ಹೆಜ್ಜೆಗಳನ್ನು ಕಂಡು ಅಲ್ಲೇ ಕುಸಿದು ಕುಳಿತ.

ಅಜ್ಜಿ ಓಡಿಹೋಗಿ ಅವನ ತಲೆಯನ್ನು ಎದೆಗೆ ಒತ್ತಿಕೊಂಡು ನಗತೊಡಗಿದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ನಿನ್ನ ದಾರ ನೆಟ್ಟಗೇ ಇತ್ತು ಕಣ್ಲಾ, ಮಗ."