ಕಳ್ಳರ ಪಟ್ಟಿಯಲ್ಲಿ ಅತ್ತೆ

"ಅಳಿಯಂದ್ರೇ, ನಿಮ್ಮ ಅಂಚೆ ಕಚೇರಿಗೆ ಇವತ್ತು ರಜೆಯಾ?"

ಫೋನಿನಲ್ಲಿ ಅತ್ತೆಯ ದನಿ ಕೇಳಿದ್ದೇ ತಡ, ಅಳಿಯ ಅರ್ಧ ಉಂಡ ತಟ್ಟೆ ಬಿಟ್ಟು ಎದ್ದ. ಲಿಫ್ಟ್ ರಿಪೇರಿ ಅವನ ಕಸುಬು. ಅವನಿಗೂ ಅವತ್ತು ರಜೆಯೇ. ಚಪ್ಪಲಿ ಸ್ಟ್ಯಾಂಡಿನ ಮೇಲೆ ಹಳೆಯ ಕಂಪ್ಯೂಟರೊಂದನ್ನು ಕೂರಿಸಿ, ಲಿನಕ್ಸ್ ತಂತ್ರಾಂಶ ಹಾಕಿ, ಇಡೀ ಬಳಗದ ಮೇಲ್ ತನ್ನ ಮನೆಯಿಂದಲೇ ಓಡಾಡುವ ಹಾಗೆ ಮಾಡಿಕೊಂಡಿದ್ದ. "ನಮ್ಮದೇ ಸರ್ವರ್ ಇರುವಾಗ ಬೇರೆಯವರ ಹಂಗು ಯಾಕೆ?" ಎಂದು ಅತ್ತೆಯನ್ನು ಪುಸಲಾಯಿಸಿ ಸೇರಿಸಿಕೊಂಡವನೂ ಅವನೇ. ಈಗ ಅನುಭವಿಸಬೇಕಲ್ಲ!

ಅತ್ತೆ ಪತ್ರಿಕೆಯ ಭಾನುವಾರದ ಪುಟಕ್ಕೆ ಪದಬಂಧ ಕಟ್ಟುವವರು. ಹನ್ನೊಂದು ವರ್ಷ, ಒಂದು ವಾರವೂ ತಪ್ಪಿಸಿದವರಲ್ಲ; ಬಲಗೈ ಮುರಿದಾಗ ಎಡಗೈಯಲ್ಲಿ ಕುಟ್ಟಿ ಕಳಿಸಿದ್ದರು. ಇವತ್ತು ನಾಲ್ಕು ಗಂಟೆಯೊಳಗೆ ಮೇಲ್ ತಲುಪದಿದ್ದರೆ ಆ ಜಾಗದಲ್ಲಿ ತೂಕ ಇಳಿಸುವ ಪುಡಿಯ ಜಾಹೀರಾತು ಹಾಕುತ್ತೇವೆ ಎಂದು ಸಂಪಾದಕರು ಹೇಳಿಬಿಟ್ಟಿದ್ದರು. ಆಗಲೇ ಎರಡೂವರೆ, ಮೇಲ್ ಹೋಗುತ್ತಲೇ ಇಲ್ಲ.

"ನಮ್ಮನೇಲಿ ಎಲ್ಲಾ ಸರಿಯಾಗೇ ಇದೆಯಲ್ಲ ಅತ್ತೆ."

"ನಿಮ್ಮನೇಲಿ ಸರಿ ಇದ್ರೆ ನನಗೇನು ಬಂತು?"

ಅಳಿಯ ಸೈಕಲ್ ಹತ್ತಿ ಮೂರು ಬೀದಿ ದಾಟಿ ಅತ್ತೆಯ ಮನೆಗೆ ಹೋದ. ಅಲ್ಲಿ ಲೋಕದ ಸುದ್ದಿಯೆಲ್ಲ ತೆರೆಯುತ್ತದೆ, ನಾಳೆಯ ಹವೆ ತೆರೆಯುತ್ತದೆ. ಅವನ ಸರ್ವರಿನದು ಮಾತ್ರ ಮೇಲೂ ಇಲ್ಲ, ವೆಬ್ ಪುಟವೂ ಇಲ್ಲ. ವಾಪಸ್ ಮನೆಗೆ ಬಂದರೆ ಎಲ್ಲವೂ ಸಲೀಸು. ಇಂಟರ್ನೆಟ್ ಪೆಟ್ಟಿಗೆ ಆರಿಸಿ ಹಚ್ಚಿದ, ಸರ್ವರ್ ಆರಿಸಿ ಹಚ್ಚಿದ, ಕೇಬಲ್ ಕಿತ್ತು ಊದಿ ಸಿಕ್ಕಿಸಿದ, ಮತ್ತೆ ಸೈಕಲ್ ಹತ್ತಿದ. ಎರಡನೇ ಸುತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು.

"ಪೆನ್‌ಡ್ರೈವ್‌ಗೆ ಹಾಕಿ ಕೊಡಿ ಅತ್ತೆ, ನಮ್ಮನೆಯಿಂದ ಕಳಿಸ್ತೀನಿ."

"ಅದರಲ್ಲಿ ಉತ್ತರಗಳೂ ಇವೆ! ಹೆತ್ತ ಮಗಳಿಗೇ ತೋರಿಸಿಲ್ಲ ನಾನು. ಭಾನುವಾರ ಬೆಳಗಾದ್ರೆ ಪೆನ್ಸಿಲ್ ಹಿಡ್ಕೊಂಡು ಕೂರೋರು ನೀವಿಬ್ಬರೂ ತಾನೆ?"

ಮೂರೂಕಾಲು. ಬಂದು ಸರ್ವರಿನ ಮುಂದೆ ಕುಕ್ಕರಿಸಿದ ಗಂಡನನ್ನು ನೋಡಿ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ರೀ, ಚಿಕ್ಕಪ್ಪನ ಮೇಲ್ ಈಗಷ್ಟೇ ಬಂತು, ಅಕ್ಕನಿಗೆ ಕಳಿಸಿದ್ದು ಹೋಯ್ತು. ಅಮ್ಮನ ಮನೆಗೆ ಮಾತ್ರ ಇಲ್ಲ ಅಂದ್ರೆ, ನಿಮ್ಮ ಮಿಷನ್‌ಗೆ ಅಮ್ಮನ ಮೇಲೇನೋ ಸಿಟ್ಟಿರಬೇಕು."

ಅಳಿಯ ಹಣೆ ಚಚ್ಚಿಕೊಂಡ. ಸರ್ವರಿನಲ್ಲಿ ಅವನೇ ಒಂದು ಕಾವಲು ಪ್ರೋಗ್ರಾಮ್ ಕೂರಿಸಿದ್ದ. ಯಾರಾದರೂ ಮೂರು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ಅವರು ಕಳ್ಳರೆಂದು ಬಗೆದು, ಆ ಮನೆಯ ಕಡೆಯ ಬಾಗಿಲನ್ನೇ ಹಾಕಿಬಿಡುವುದು ಅದರ ಕೆಲಸ. ಪಟ್ಟಿ ತೆರೆದ. ಊರೂರಿನ ಖದೀಮರ ನಡುವೆ ಅತ್ತೆಯ ಮನೆಯ ವಿಳಾಸ ಕಂಗೊಳಿಸುತ್ತಿತ್ತು. ಬಾಗಿಲು ಹಾಕಿದ ಮೇಲೂ ನಾನೂರ ಹನ್ನೆರಡು ಸಲ ತಟ್ಟಿದ ಲೆಕ್ಕ ಬೇರೆ.

"ಅಮ್ಮನಿಗೆ ಹೇಳಬೇಡ ಮಾರಾಯ್ತಿ," ಎಂದು ಹೆಂಡತಿಗೆ ಕೈ ಮುಗಿದು ಆ ವಿಳಾಸವನ್ನು ಪಟ್ಟಿಯಿಂದ ತೆಗೆದ. ಉಸಿರು ಬಿಡುವಷ್ಟರಲ್ಲಿ ಕಾವಲು ಪ್ರೋಗ್ರಾಮ್ ಅದನ್ನು ಮತ್ತೆ ಪಟ್ಟಿಗೆ ಹಾಕಿತ್ತು. ಮತ್ತೆ ತೆಗೆದ, ಮತ್ತೆ ಹಾಕಿತು. ಹಾಗಾದರೆ ಅಲ್ಲಿಂದ ಈಗಲೂ ಯಾವುದೋ ವಸ್ತು ಹಳೆಯ ಪಾಸ್‌ವರ್ಡ್ ಹಿಡಿದು ಬಡಿಯುತ್ತಿದೆ. ಹಿಂದಿನ ದಿನವಷ್ಟೇ ಅವನು ಎಲ್ಲರ ಪಾಸ್‌ವರ್ಡ್ ಬದಲಿಸಿ, ಅತ್ತೆಯ ಕಂಪ್ಯೂಟರಿಗೆ ಹೊಸದನ್ನು ತುಂಬಿ ಬಂದಿದ್ದ. ಮೂರು ಮುಕ್ಕಾಲು. ಇನ್ನು ಮಾನ ಮರ್ಯಾದೆ ನೋಡುವ ಹೊತ್ತಲ್ಲ. ಫೋನ್ ಮಾಡಿದ.

"ಅತ್ತೆ, ನಿಮ್ಮನೇಲಿ ಮೇಲ್ ನೋಡೋದು ಇನ್ನೇನಾದ್ರೂ ಇದೆಯಾ?"

"ಹಳೇ ಟ್ಯಾಬ್ ಇದೆ, ಬೀರುವಿನ ಮೇಲೆ, ಚಾರ್ಜಿಗೆ. ಯಾಕೆ?"

"ಅದನ್ನ ಮೊದಲು ಆಫ್ ಮಾಡಿ."

"ಯಾಕೆ ಅಂದೆ?"

"ಅದು ಹಳೇ ಪಾಸ್‌ವರ್ಡ್ ಕೊಡ್ತಾ ಇದೆ. ಬದಲಿಸೋಕೆ ಮರೆತದ್ದು ನಾನೇ. ಅದಕ್ಕೆ ನಮ್ಮ ಸರ್ವರ್... ನಿಮ್ಮನ್ನ ಕಳ್ಳಿ ಅಂತ ತಿಳ್ಕೊಂಡು ಬಾಗಿಲು ಹಾಕಿದೆ. ಆದ್ರೂ ಆ ಟ್ಯಾಬ್ ತಟ್ತಾನೇ ಇದೆ."

ಅವನ ಪಕ್ಕದಲ್ಲಿ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

"ಎಷ್ಟು ಸಲ ತಟ್ಟಿದೀನಂತೆ?"

"ನಾನೂರ ಹನ್ನೆರಡು."

"ಆದ್ರೂ ತೆಗೀಲಿಲ್ವಾ?"

"ಇಲ್ಲ ಅತ್ತೆ."

ಆಮೇಲೆ ಕೇಳಿಸಿದ ನಗು ಎಂಥದ್ದೆಂದರೆ ಅಳಿಯ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯಬೇಕಾಯಿತು. ಅರವತ್ತೆಂಟರ ಹೆಂಗಸು ಬಿದ್ದೂ ಬಿದ್ದೂ ನಗುತ್ತಿದ್ದರು. ಅವನಿಗೆ ಹೋದ ಜೀವ ಬಂದಂತಾಯಿತು. ಟ್ಯಾಬ್ ಆರಿತು, ಪಟ್ಟಿಯಿಂದ ಹೆಸರು ಹೋಯಿತು, ಈ ಸಲ ಮತ್ತೆ ಸೇರಲಿಲ್ಲ.

"ಈಗ ಕಳಿಸಿ ಅತ್ತೆ, ಬೇಗ!"

"ತಡೀರಿ, ಒಂದು ಸುಳುಹು ಬದಲಿಸಬೇಕು."

"ನಾಲ್ಕಕ್ಕೆ ಐದೇ ನಿಮಿಷ!"

"ಹನ್ನೊಂದು ವರ್ಷದಿಂದ ಕಟ್ತಾ ಇದೀನಿ, ಸುಮ್ನಿರಿ."

ಮೂರು ಗಂಟೆ ಐವತ್ತೊಂಬತ್ತು ನಿಮಿಷಕ್ಕೆ ಸರ್ವರಿನ ಪರದೆಯ ಮೇಲೆ ಒಂದು ಸಾಲು ಮೂಡಿತು: ಮೇಲ್ ಹೋಯಿತು. ಗಂಡ ಹೆಂಡತಿ ಚಪ್ಪಲಿಗಳ ನಡುವೆಯೇ ಕುಣಿದರು.

ಭಾನುವಾರ ಅಳಿಯ ಪೆನ್ಸಿಲ್ ಹಿಡಿದು ಕೂತ. ಅರ್ಧ ಗಂಟೆಯಲ್ಲಿ ಎಲ್ಲ ಚೌಕ ತುಂಬಿದವು, ಒಂದರ ಹೊರತು.

"ಇದೊಂದು ಹೊಳೀತಿಲ್ಲ ಕಣೇ. 'ಮುಖಕ್ಕೇ ಬಾಗಿಲು ಹಾಕಿದರೂ ಮಗನಿಗಿಂತ ಒಂದು ಕೈ ಮೇಲು.' ಮೂರಕ್ಷರ. ಮೊದಲನೇದು 'ಅ' ಬಂದಿದೆ. ಯಾರಿರಬಹುದು?"

ಹೆಂಡತಿ ಒಮ್ಮೆ ಸುಳುಹನ್ನೂ ಒಮ್ಮೆ ಗಂಡನನ್ನೂ ನೋಡಿದಳು. ಅವಳ ಕಣ್ಣು ತುಂಬಿಕೊಂಡಿತ್ತು, ಬಾಯಿ ನಗುತ್ತಿತ್ತು.

"ರೀ, ಎದ್ದು ಹೋಗಿ ಕನ್ನಡಿ ನೋಡ್ಕೊಂಡು ಬನ್ನಿ."